ಟ್ರಂಪೆಟ್ ಮಾಮನ ಪಾಳಿ

ಇಂದು ಬೆಳಿಗ್ಗೆ ಪಿಟೀಲಿನ ಪೆಟ್ಟಿಗೆ ತೆರೆದೆ. ಕಮಾನಿಗೆ ಉಜ್ಜುವ ರಾಳದ ವಾಸನೆ ಮೂಗಿಗೆ ಬಡಿದದ್ದೇ ತಡ, ಭಯವಾಗಿ ಮತ್ತೆ ಮುಚ್ಚಿಬಿಟ್ಟೆ. ಪರೀಕ್ಷೆಯ ದಿನ ಹೊಸ ಪ್ರಶ್ನೆಪತ್ರಿಕೆಯ ವಾಸನೆ ನಿಮಗೆ ಹೀಗೇ ಮಾಡಿರಬಹುದು.

ನಾನು ಹಳಿಯಾಳದ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವವಳು. ಪ್ರತಿ ಲೆಕ್ಕಕ್ಕೂ ಪುಸ್ತಕದ ಕೊನೆಯಲ್ಲಿ ಉತ್ತರ ಇರಲೇಬೇಕೆಂದು ನಂಬಿದವಳು. ಚಿಕ್ಕಂದಿನಿಂದ ಭಜನೆಗೆ ಪಿಟೀಲು ನುಡಿಸುತ್ತಿದ್ದೆ. ಅದೂ ಚಾಪೆಯ ಮೇಲೆ ಕುಳಿತು, ಹಾಡುವವರ ಬೆನ್ನು ಹಿಡಿದು. ಅಂಥವಳಿಗೆ ನಲವತ್ತಾರನೆಯ ವಯಸ್ಸಿನಲ್ಲಿ ಜಾಝ್ ಕಲಿಯುವ ಹುಚ್ಚು ಹಿಡಿಯಿತು. ಕಾರಣ ಪಕ್ಕದ ಜೋಯಿಡಾ ತಾಲೂಕಿನ ರಾಮನಗರದ ಫ್ರಾನ್ಸಿಸ್ ಮಾಮ. ಗೋವೆಯ ಹೋಟೆಲುಗಳ ಬ್ಯಾಂಡಿನಲ್ಲಿ ಟ್ರಂಪೆಟ್ ಊದಿ ಊದಿ ಕೆನ್ನೆ ಜೋತುಬಿದ್ದ ಮನುಷ್ಯ. ಸಹೋದ್ಯೋಗಿಯೊಬ್ಬರ ಮದುವೆಯಲ್ಲಿ ಅವರನ್ನು ಕೇಳಿದೆ. ಮರುವಾರದಿಂದ ಪ್ರತಿ ಭಾನುವಾರ ರಾಮನಗರದ ಬಸ್ಸು.

ಜಾಝಿನಲ್ಲಿ ಹಾಡಿನ ನಡುವೆ ಒಬ್ಬೊಬ್ಬರಿಗೂ ಒಂದೊಂದು ಪಾಳಿ ಬರುತ್ತದೆ. ಆಗ ಹೊಳೆದದ್ದನ್ನು ಅಲ್ಲಿಯೇ ಕಟ್ಟಿ ನುಡಿಸಬೇಕು. ನನಗೆ ಏನೂ ಹೊಳೆಯುತ್ತಿರಲಿಲ್ಲ. ಮಾಮ ಊದಿದ್ದನ್ನು ಕದ್ದು ಸ್ವರ ಹಾಕಿ ಬರೆದುಕೊಂಡು, ಬಾಯಿಪಾಠ ಮಾಡಿ ಒಪ್ಪಿಸಿದೆ. ಅವರು ನನ್ನ ವಹಿ ಮುಚ್ಚಿಟ್ಟರು.

"ಹ್ವಾದ ವಾರದ್ದು ಹ್ವಾದ ವಾರಕ್ಕ ಮುಗೀತು ಟೀಚರ್. ಇವತ್ತಿಂದು ಏನೈತಿ, ತೋರಸ್ರಿ."

ಎರಡು ವರ್ಷ ಕಳೆಯುವಷ್ಟರಲ್ಲಿ ಅವರ ಎದೆ ಕೈಕೊಟ್ಟಿತು. ಡಾಕ್ಟರು ಊದಬೇಡಿ ಎಂದರು. ಮೊಮ್ಮಗಳ ಮದುವೆ ಎದುರಿಗಿತ್ತು, ಅಲ್ಲಿ ಅವರ ಬ್ಯಾಂಡೇ ನುಡಿಸಬೇಕಿತ್ತು.

"ನನ್ನ ಪಾಳಿ ನೀವ ಬಾರಸ್ರಿ."

"ನನಗ ಆಗೂದಿಲ್ಲ ಮಾಮ. ನಡುವ ಮರತ್ರ?"

"ಮರಿಯಾಕ ಏನರ ಬರಕೊಂಡೀರೇನು?"

ಮದುವೆಯ ಸಂಜೆ ಜನರೆದುರು ಮೊದಲ ಸಲ ನಿಂತು ನುಡಿಸಿದೆ. ಪಿಟೀಲು ಗದ್ದದಿಂದ ಜಾರೀತೆಂಬ ಭಯ ಒಂದು, ಕಾಲಿಗೆ ಸೀರೆ ಸಿಕ್ಕೀತೆಂಬ ಭಯ ಇನ್ನೊಂದು. ನನ್ನ ಪಾಳಿ ಬಂತು. ಮೂರನೆಯ ಸ್ವರವೇ ತಪ್ಪಿತು. ಕುಣಿಯುತ್ತಿದ್ದವರು ಕೂಡ ತಿರುಗಿ ನೋಡಿದರು. ಕಮಾನು ಕೆಳಗಿಳಿಸಿ ಓಡಿಹೋಗುವುದೊಂದೇ ಬಾಕಿ. ಅಷ್ಟರಲ್ಲಿ ಮೂಲೆಯ ಕುರ್ಚಿಯಿಂದ ಮಾಮ ಕೂಗಿದರು:

"ಅದನ್ನ ಮತ್ತೊಮ್ಮೆ ಬಾರಸ್ರಿ!"

ಬಾರಿಸಿದೆ, ಜೋರಾಗಿ. ಡ್ರಮ್ಮಿನವನು ನಕ್ಕು ಅದರ ಮೇಲೆಯೇ ಪೆಟ್ಟು ಹಾಕಿದ. ಮೂರನೆಯ ಸಲಕ್ಕೆ ಅದು ತಪ್ಪಾಗಿ ಉಳಿಯಲಿಲ್ಲ. ಅಲ್ಲಿಂದ ಮುಂದಕ್ಕೆ ದಾರಿಯೊಂದು ಸಿಕ್ಕಿತು. ಜನ ಮತ್ತೆ ಕುಣಿಯತೊಡಗಿದರು.

ಮುಗಿದ ಮೇಲೆ ಮಾಮನ ಪಕ್ಕದಲ್ಲಿ ಹೋಗಿ ಕುಳಿತೆ.

"ಹೆದರಿಕಿ ಹ್ವಾತೇನು?" ಎಂದರು.

"ಇಲ್ಲ ಮಾಮ."

"ನಂದೂ ಹೋಗಿಲ್ಲ. ನಲವತ್ತು ವರ್ಷ ಆತು."

ಫ್ರಾನ್ಸಿಸ್ ಮಾಮ ಹೋದ ವರ್ಷ ತೀರಿಕೊಂಡರು. ಇಂದು ಸಂಜೆ ಜೋಯಿಡಾದಲ್ಲಿ ನಾನು ನುಡಿಸಬೇಕು. ಭಯ ಹಾಗೆಯೇ ಇದೆ. ಅದು ಹೋಗಲಿ ಎಂದು ಈಗ ಕಾಯುವುದಿಲ್ಲ; ಮಧ್ಯಾಹ್ನದ ಬಸ್ಸಿಗೆ ಹೊರಟಿದ್ದೇನೆ.