ಚೌಡಕ್ಕ ಕೈ ನೋಡದೆ ಹೂ ಬಿಡಿಸುವಂತಿಲ್ಲ

ಬೆಳಗಿನ ಐದೂಮುಕ್ಕಾಲು. ಹಡಗಲಿ ಊರಾಚೆಯ ಹೂವಿನ ತೋಟದಲ್ಲಿ ಹದಿಮೂರು ಹೆಂಗಸರು ಕೈ ಚಾಚಿ ಸಾಲಾಗಿ ನಿಂತಿದ್ದಾರೆ. ಚೌಡಕ್ಕ ಮೊಬೈಲ್ ಬೆಳಕು ಬಿಟ್ಟು ಒಬ್ಬೊಬ್ಬರ ಬೆರಳನ್ನೂ ನೋಡುತ್ತಾ ಬರುತ್ತಾರೆ. ಪ್ರತಿಯೊಬ್ಬರೂ ಬೆರಳಿನ ಮೇಲಿನ ಚರ್ಮವನ್ನು ತಾವೇ ಚಿವುಟಿ, ಎತ್ತಿ ತೋರಿಸಬೇಕು. ಆಮೇಲಷ್ಟೇ ಕಾಕಡ ಮಲ್ಲಿಗೆಯ ಗಿಡಕ್ಕೆ ಕೈ ಹಾಕಬಹುದು. ನೋಡಲು ಬಂದವನಿಗೂ ರಿಯಾಯಿತಿ ಇಲ್ಲ. ಪೆನ್ನು ಜೇಬಿಗಿಟ್ಟು ನಾನೂ ಕೈ ಚಾಚುತ್ತೇನೆ, ಪಾಸಾಗುತ್ತೇನೆ.

ಸಾಲು ಮುಗಿದರೂ ಚೌಡಕ್ಕನ ಕಣ್ಣು ಕಾಲುದಾರಿಯ ಮೇಲೇ ಇದೆ. ಹದಿನಾಲ್ಕನೆಯವರಾದ ಕೋಮಲಾ ಇನ್ನೂ ಬರಬೇಕು. ಉಂಗುರ ಬಿಗಿಯಾಗುತ್ತಿದೆ ಎಂದು ಆಕೆ ಹೋದ ವಾರ ಹೇಳಿದಾಗಿನಿಂದ ಚೌಡಕ್ಕನಿಗೆ ಸರಿಯಾಗಿ ಊಟ ಸೇರಿಲ್ಲ. ಕೋಮಲಾ ನಿನ್ನೆ ದಾವಣಗೆರೆಗೆ ತಪಾಸಣೆಗೆ ಹೋಗಿ ಬಂದಿದ್ದಾರೆ. ಫೋನಿನಲ್ಲಿ ಹೇಳಲು ಬಂದರೆ ಚೌಡಕ್ಕ ಬೇಡವೆಂದರಂತೆ, ಕಣ್ಣಾರೆ ನೋಡಬೇಕಂತೆ.

ಚೌಡಕ್ಕ ತಾವೇ ಯಾರ ಚರ್ಮವನ್ನೂ ಚಿವುಟಿ ನೋಡಲಾರರು. ನಲವತ್ತೆಂಟರ ಅವರ ಹತ್ತೂ ಬೆರಳು ಅರ್ಧಕ್ಕೇ ಮಡಚಿ ನಿಂತಿವೆ. ಚರ್ಮ ಬಿಗಿದು ಹೊಳೆಯುತ್ತದೆ, ಗೆಣ್ಣಿನ ಗೆರೆಗಳೂ ಉಳಿದಿಲ್ಲ. ರೋಗದ ಹೆಸರು ಸಿಸ್ಟಮಿಕ್ ಸ್ಕ್ಲೀರೋಸಿಸ್. ಅವರು ಡಾಕ್ಟರ ಚೀಟಿ ತೋರಿಸುತ್ತಾರೆಯೇ ಹೊರತು ಆ ಹೆಸರಿನ ಗೋಜಿಗೆ ಹೋಗುವುದಿಲ್ಲ. "ಚರ್ಮ ದಪ್ಪಾಗೋ ಬ್ಯಾನಿ" ಎಂದರೆ ಮುಗಿಯಿತು. ಚಳಿ ತಾಗಿದರೆ ಬೆರಳಿನ ಸಣ್ಣ ರಕ್ತನಾಳಗಳು ಮುದುಡಿ ತುದಿಗೆ ರಕ್ತ ಹೋಗುವುದಿಲ್ಲ. ಬೆರಳು ಮೊದಲು ಬೆಳ್ಳಗಾಗುತ್ತದೆ, ಆಮೇಲೆ ನೀಲಿ, ಬಿಸಿ ಸಿಕ್ಕಾಗ ಕೆಂಪು. ವರ್ಷ ಕಳೆದಂತೆ ಚರ್ಮ ಗಟ್ಟಿಯಾಗುತ್ತದೆ, ಕೆಲವರಿಗೆ ಶ್ವಾಸಕೋಶಕ್ಕೂ ತೊಂದರೆ. ಇದು ಅಂಟುವ ರೋಗವಲ್ಲ.

ಹನ್ನೆರಡು ವರ್ಷದ ಹಿಂದೆ ತಂಡದಲ್ಲಿ ಚೌಡಕ್ಕನದೇ ಚುರುಕಿನ ಕೈ, ಬೆಳಿಗ್ಗೆ ಎಂಟರೊಳಗೆ ಮೂರು ಕೆಜಿ ಮೊಗ್ಗು. ಇಬ್ಬನಿಯಲ್ಲಿ ಬೆರಳ ತುದಿ ಸುಣ್ಣ ಬಳಿದಂತೆ ಬೆಳ್ಳಗಾದಾಗ ಅವರು ಹೆದರಿದ್ದು ಜನಕ್ಕೆ. ತೊನ್ನು ಅಂದುಬಿಟ್ಟಾರು, ದೇವರಿಗೆ ಏರುವ ಹೂವು ಮುಟ್ಟಲು ಬಿಡಲಾರರು ಎಂಬ ಭಯ. ಸೆರಗಿನೊಳಗೆ ಬಿಸಿನೀರಿನ ಬಾಟಲಿ ಬಚ್ಚಿಟ್ಟುಕೊಂಡು, ಯಾರ ಕಣ್ಣಿಗೂ ಬೀಳುವ ಮೊದಲೇ ಬೆರಳಿಗೆ ಬಣ್ಣ ತಂದುಕೊಳ್ಳುತ್ತಿದ್ದರು. ನಾಲ್ಕು ಚಳಿಗಾಲ ಹೀಗೇ ಕಳೆದವು. ಕೈ ಜೋಮು ಎಂದು ಆಸ್ಪತ್ರೆಗೆ ಹೋದರೆ ರಕ್ತ ಕಡಿಮೆ ಎಂದು ಗುಳಿಗೆ ಕೊಟ್ಟು ಕಳಿಸಿದರು.

"ದವಾಖಾನಿಗೆ ಹೋಗೋ ಹನ್ನೊಂದು ಗಂಟೇಕ ನನ್ನ ಕೈ ಎಲ್ಲಾರ ಕೈಯಂಗ ಇರ್ತಿತ್ರಿ. ಡಾಕ್ಟರದೇನು ತಪ್ಪು? ಮುಂಜಾನಿ ಬೆಳ್ಳಗಾಗ್ತಾವ ಅಂತ ನಾನ ಬಾಯಿ ಬಿಡಲಿಲ್ಲ" ಎನ್ನುತ್ತಾರೆ. ತುದಿಯಲ್ಲಿ ಹುಣ್ಣಾಗಿ, ಸರಿಯಾದ ಡಾಕ್ಟರ ಬಳಿ ಹೋಗುವಷ್ಟರಲ್ಲಿ ಚರ್ಮ ಬಿಗಿದಾಗಿತ್ತು. ಈಗ ಅವರು ತೋಟದ ಯಜಮಾನ ಪಾಲಯ್ಯನವರ ತಕ್ಕಡಿ ಮುಂದೆ ಕೂತು ತೂಕ ಕೂಗುತ್ತಾರೆ.

ಮೂರು ವರ್ಷದ ಹಿಂದೆ ಒಂದು ಮುಂಜಾನೆ ಕೋಮಲಾರ ಸೆರಗಿನಲ್ಲಿ ಬಾಟಲಿಯ ಉಬ್ಬು ಕಂಡಿತು. ಚೌಡಕ್ಕನಿಗೆ ಬೇರೇನೂ ಕೇಳಬೇಕಾಗಲಿಲ್ಲ. ಬಾಟಲಿ ಕಸಿದುಕೊಂಡು, ಬೆಳ್ಳಗಿದ್ದ ಬೆರಳುಗಳ ಫೋಟೊ ತೆಗೆಸಿದರು. ಇಪ್ಪತ್ತನಾಲ್ಕರ ಕೋಮಲಾ ಅತ್ತರು. ಅತ್ತೆ ನೀಲಗಂಗಮ್ಮ ಮನೆ ಮಾನ ಹೋಯಿತೆಂದು ಜಗಳಕ್ಕೇ ಬಂದರು. ಚೌಡಕ್ಕ ತಮ್ಮ ಎರಡೂ ಕೈಗಳನ್ನು ಅವರ ಮುಂದೆ ಹಿಡಿದರಂತೆ. ಮರುದಿನ ಮೂವರೂ ದಾವಣಗೆರೆ ಬಸ್ಸಿನಲ್ಲಿದ್ದರು.

ಆ ಫೋಟೊ ನೋಡಿದ ಡಾಕ್ಟರು ಉಗುರಿನ ಬುಡಕ್ಕೆ ಎಣ್ಣೆ ಹನಿಸಿ ಅಲ್ಲಿನ ರಕ್ತನಾಳಗಳನ್ನು ಮಸೂರದಲ್ಲಿ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. ಅದೇ ರೋಗ, ಆದರೆ ಚರ್ಮ ಇನ್ನೂ ಮೃದುವಾಗಿತ್ತು. ಅಂದಿನಿಂದ ಔಷಧಿ, ಮೂರು ತಿಂಗಳಿಗೊಮ್ಮೆ ತಪಾಸಣೆ. ಇಬ್ಬನಿ ಆರಿದ ಮೇಲೆ ಏಳಕ್ಕೆ ಆಕೆ ಕೆಲಸಕ್ಕೆ ಬಂದರೆ ಸಾಕೆಂದು ಪಾಲಯ್ಯ ಒಪ್ಪಿದ್ದಾರೆ. ಚಳಿಗಾಲದ ಈ ಕೈ ತಪಾಸಣೆ ಶುರುವಾದದ್ದೂ ಆಗಲೇ. ಇದುವರೆಗೆ ಇನ್ನೂ ನಾಲ್ವರ ಬೆರಳು ಬೆಳ್ಳಗಾಗಿದ್ದು ಸಿಕ್ಕಿತು. ಮೂವರದು ಬರೀ ಚಳಿಯ ಕಾಟ, ಒಬ್ಬರ ಮೇಲೆ ಡಾಕ್ಟರು ಕಣ್ಣಿಟ್ಟಿದ್ದಾರೆ. ನಾಲ್ವರ ಜೊತೆಗೂ ಬಸ್ಸು ಹತ್ತಿದ್ದು ಚೌಡಕ್ಕನೇ. ಇದನ್ನು ಮಾಡೆಂದು ಅವರಿಗೆ ಯಾರೂ ಹೇಳಿಲ್ಲ. ನನಗೆ ಈ ಹೆಂಗಸಿನ ಮೇಲೆ ಬೆಟ್ಟದಷ್ಟು ಗೌರವ ಹುಟ್ಟಿದೆ, ಮುಚ್ಚಿಡುವುದೇಕೆ?

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ತಮ್ಮ ಕೈಯಾರೆ ಒಂದು ಮೊಳ ಹೂವು ಕಟ್ಟಬೇಕಂತೆ, ಅಷ್ಟೇ. ಮಾತು ಮುಗಿಯುವ ಮೊದಲೇ ಎದ್ದು ನಿಲ್ಲುತ್ತಾರೆ. ಬಿಸಿಲಿನಲ್ಲಿ ಕೋಮಲಾ ಬರುತ್ತಿದ್ದಾರೆ, ಕೈಗೆ ಉಣ್ಣೆಯ ಗವಸು.

"ಬರೀ ಬಾವು ಅಂತಕ್ಕಾ. ಚರ್ಮ ಬಿಗಿದಿಲ್ಲಂತ."

ಚೌಡಕ್ಕ ತಲೆಯಾಡಿಸುತ್ತಾರೆ, ಆದರೆ ದಾರಿ ಬಿಡುವುದಿಲ್ಲ. ಕೋಮಲಾ ಗವಸು ಕಳಚಿ, ಬೆರಳ ಮೇಲಿನ ಚರ್ಮವನ್ನು ಚಿವುಟಿ ಎತ್ತುತ್ತಾರೆ. ಚೌಡಕ್ಕ ಬಗ್ಗಿ ಬಹಳ ಹೊತ್ತು ನೋಡುತ್ತಾರೆ. ಆಮೇಲೆ ನನ್ನ ಕಡೆ ತಿರುಗುತ್ತಾರೆ.

"ನನ್ನ ಚರ್ಮ ಏಳಂಗಿಲ್ರಿ. ಆಕೀದು ಇವತ್ತೂ ಎದ್ದೈತಿ, ನೋಡ್ರಿ."