ಪಂಚರ್ ಅಕ್ಕನ ಹಳೆಯ ಹೊಲಿಗೆ

ಬಸ್‌ಸ್ಟ್ಯಾಂಡಿನ ಎದುರಿನ ಟೈರ್ ಅಂಗಡಿಯಲ್ಲಿ ಚಕ್ರ ಬಿಚ್ಚುವುದು ಗಂಡ, ಟ್ಯೂಬಿಗೆ ಪ್ಯಾಚ್ ಹಾಕುವುದು ಹೆಂಡತಿ. ಊರಿಗೆಲ್ಲ ಅವಳು ಪಂಚರ್ ಅಕ್ಕ. ನೀರಿನ ತೊಟ್ಟಿಯಲ್ಲೂ ಗುಳ್ಳೆ ಕಾಣದಷ್ಟು ಸಣ್ಣ ತೂತಾದರೆ ಟ್ಯೂಬನ್ನು ತುಟಿಯ ಹತ್ತಿರ ಹಿಡಿದು, ಗಾಳಿ ಎಲ್ಲಿ ಸೋರುತ್ತಿದೆ ಎಂದು ಹೇಳಿಬಿಡುವಳು. "ಪ್ಯಾಚ್ ತಡೆಯುತ್ತಾ ಅಕ್ಕಾ?" ಎಂದರೆ, "ಧೈರ್ಯವಾಗಿ ಹೋಗಿ" ಎನ್ನುವಳು. ತಡೆಯುತ್ತದೋ ಇಲ್ಲವೋ ಅವಳಿಗೇನು ಗೊತ್ತು!

ಅದಕ್ಕೇ ಎರಡನೇ ಬಸುರಿನಲ್ಲಿ ಡಾಕ್ಟರಮ್ಮ "ಧೈರ್ಯವಾಗಿರಿ" ಎಂದಾಗ ಅವಳ ಎದೆ ಧಸಕ್ಕೆಂದಿತು.

"ನಾರ್ಮಲ್ ಹೆರಿಗೆಗೆ ಹೋದ್ರೆ ಇನ್ನೂರು ಜನರಲ್ಲಿ ಒಬ್ಬರಿಗೆ ಹೊಟ್ಟೆಯೊಳಗಿನ ಹಳೇ ಹೊಲಿಗೆ ಬಿಡಬಹುದು. ನಾವು ನೋಡ್ತಾನೇ ಇರ್ತೀವಿ, ಆಪರೇಷನ್‌ಗೂ ರೆಡಿ ಇರ್ತೀವಿ. ಹೆರಿಗೆ ನೋವು ಬಂದು ಹೋದ ಮೇಲೂ ಹೊಲಿಗೆ ಹತ್ರ ನೋವಿದ್ರೆ ತಕ್ಷಣ ಹೇಳ್ಬೇಕು."

ನಾಲ್ಕು ವರ್ಷದ ಹಿಂದೆ ಅವಸರದಲ್ಲಿ ಪ್ರಜ್ಞೆ ತಪ್ಪಿಸಿ, ಹೊಟ್ಟೆ ಕೊಯ್ದು ಮಗಳನ್ನು ತೆಗೆದಿದ್ದರು. ಮಗಳ ಮೊದಲ ಅಳುವನ್ನು ಅತ್ತೆ ಕೇಳಿದರು, ಗಂಡ ಕೇಳಿದ, ಬಾಗಿಲಲ್ಲಿ ಕಸ ಗುಡಿಸುತ್ತಿದ್ದವಳೂ ಕೇಳಿದಳು. ಹೆತ್ತವಳು ಮಾತ್ರ ಕೇಳಲಿಲ್ಲ. ಈ ಸಲ ಅದೊಂದನ್ನು ಕೇಳಲೇಬೇಕೆಂದು ಅವಳ ಹಟ.

"ಸುಮ್ನೆ ಆಪರೇಷನ್ ಮಾಡಿಸ್ಕೊಂಬಿಡೇ, ನಂಗೆ ಕೈಕಾಲು ನಡುಗ್ತಿದೆ" ಎಂದ ಗಂಡ.

"ಹೆರೋದು ನಾನು, ನಡುಗೋದು ನೀನಾ?" ಎಂದು ನಕ್ಕಳು. ಆಮೇಲೆ ಟೈರುಗಳ ಹಿಂದೆ ಹೋಗಿ ಹೆದರಿಕೆಯಿಂದ ಅತ್ತಳು.

ನೋವು ಶುರುವಾದ ದಿನ ಬೆಳಿಗ್ಗೆ ಒಂಬತ್ತಕ್ಕೆ ಆಸ್ಪತ್ರೆಗೆ ಸೇರಿಸಿ ಹೊಟ್ಟೆಗೆ ಬೆಲ್ಟು ಕಟ್ಟಿದರು. ಮಗುವಿನ ಎದೆಬಡಿತ ಮಿಷನ್ನಿನಲ್ಲಿ ಕೇಳುತ್ತಿತ್ತು. ಅವಳು ಅಂಗೈಯನ್ನು ಹಳೆಯ ಹೊಲಿಗೆಯ ಮೇಲೆ ಇಟ್ಟವಳು ತೆಗೆಯಲೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ, ಹೆರಿಗೆ ನೋವು ಇಳಿದ ಮೇಲೂ ಅಂಗೈಯಡಿ ಇನ್ನೊಂದು ನೋವು ಉಳಿಯತೊಡಗಿತು.

"ಹೊಲಿಗೆ ಹತ್ರ ನೋವಿದೆಯಾ?" ಎಂದು ನರ್ಸ್ ಕೇಳಿದಳು.

"ಇಲ್ಲ ಸಿಸ್ಟರ್."

ಇದೆ ಎಂದರೆ ಮತ್ತೆ ಕತ್ತಿ, ಮತ್ತೆ ಆ ಮಂಪರು. ಗಾಳಿ ಹೋದ ಗಾಡಿಯನ್ನು ಮೈಲಿಗಟ್ಟಲೆ ಓಡಿಸಿಕೊಂಡು ಬಂದು, "ತಳ್ಕೊಂಡೇ ಬಂದೆ ಅಕ್ಕಾ" ಎಂದು ಮುಖ ಸಪ್ಪಗೆ ಮಾಡುವವರು ನೆನಪಾದರು. ಬಿಚ್ಚಿದರೆ ಟ್ಯೂಬು ಚಿಂದಿ. ಅಂಥವರಿಗೆ ಎಷ್ಟು ಬೈದಿದ್ದಳು! "ಆಗಲೇ ನಿಲ್ಸಿದ್ರೆ ಉಳೀತಿತ್ತಲ್ಲಪ್ಪಾ!"

"ಸಿಸ್ಟರ್!" ಎಂದು ಕಿರುಚಿದಳು. "ಸುಳ್ಳು ಹೇಳ್ದೆ. ನೋವಿದೆ."

ನಾಲ್ಕು ಜನ ಓಡಿಬಂದರು. ಆಪರೇಷನ್ ಕೋಣೆಯ ಬಾಗಿಲು ತೆರೆದ ಸದ್ದಾಯಿತು. ಡಾಕ್ಟರಮ್ಮ ಮಿಷನ್ ನೋಡಿದರು, ಹೊಟ್ಟೆ ಮುಟ್ಟಿ ನೋಡಿದರು.

"ಮಗು ಚೆನ್ನಾಗಿದೆ. ಮೂತ್ರಕ್ಕೆ ಹೋಗಿದ್ದು ಯಾವಾಗ?"

"ಬೆಳಿಗ್ಗೆ. ಅಲ್ಲಾಡಿದ್ರೆ ಹೊಲಿಗೆ ಬಿಟ್ಟೀತು ಅಂತ ತಡ್ಕೊಂಡೆ."

ನಳಿಕೆ ಹಾಕಿ ಮೂತ್ರ ತೆಗೆದರು. ಆ ನೋವು ಇಳಿದುಹೋಯಿತು. ನರ್ಸ್ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ಪಂಚರ್ ಅಕ್ಕನಿಗೆ ನಗು ಬರಲಿಲ್ಲ. ಈಗೇನೋ ಹೊಲಿಗೆ ಉಳಿಯಿತು, ಮುಂದಿನ ನೋವಿಗೆ? ಒಂದೊಂದು ಸಲ ಮುಕ್ಕಿದಾಗಲೂ ಇದೇ ಕೊನೆ, ಈಗ ಬಿಟ್ಟಿತು ಎಂದುಕೊಂಡೇ ಮುಕ್ಕಿದಳು.

ಮೂರೂವರೆಗೆ ಮಗು ಜಾರಿ ಹೊರಗೆ ಬಂತು. ಕೋಣೆಯಲ್ಲಿ ಸದ್ದಿಲ್ಲ.

ಆಮೇಲೆ ಅಳು ಕೇಳಿಸಿತು. ಎಲ್ಲರಿಗಿಂತ ಮೊದಲು ಅವಳಿಗೇ ಕೇಳಿಸಿತೆಂದು ಇವತ್ತಿಗೂ ವಾದಿಸುತ್ತಾಳೆ.

ಡಾಕ್ಟರಮ್ಮ ಒದ್ದೆ ಮಗುವನ್ನು ಹಿಡಿದು ಕಾಯುತ್ತಾ ನಿಂತಿದ್ದರು.

"ಹೊಲಿಗೆ ಗಟ್ಟಿಯಾಗೇ ಇದೆಯಮ್ಮ. ಇನ್ನಾದ್ರೂ ಕೈ ತೆಗಿ, ಮಗುನ ಹಿಡ್ಕೋ."