ತಡಿಕೆ ಹಾಕುವ ಹೊತ್ತು

ವೈ.ಎನ್.ಹೊಸಕೋಟೆಯ ಪಶು ಆಸ್ಪತ್ರೆ ನನ್ನ ಕೊನೆಯ ಪೋಸ್ಟಿಂಗ್. ಅದಕ್ಕೆ ಮೊದಲು ಕೊರಟಗೆರೆ, ಸಿರಾ, ಮಧುಗಿರಿಗಳಲ್ಲಿ ಕೆಲಸ ಮಾಡಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಎಲ್ಲ ಕಡೆಯೂ ಹಸು, ಎಮ್ಮೆ, ಕುರಿಗಳದೇ ಕೆಲಸ. ನಾಯಿಗಳು ಬರುತ್ತಿದ್ದುದು ಹೆಚ್ಚಾಗಿ ರೇಬೀಸ್ ಲಸಿಕೆಗೆ. ಊಟ ಬಿಟ್ಟಿದೆ ಎಂಬ ಒಂದೇ ಕಾರಣಕ್ಕೆ ಆಟೊದಲ್ಲಿ ಮಲಗಿಸಿಕೊಂಡು ತಂದ ನಾಯಿ ಕೆಂಚ.

ತಂದವರು ಹತ್ತಿರದ ಹಟ್ಟಿಯ ರಂಗಮ್ಮ. ಗಂಡ ಕರಿಯಣ್ಣ ಬಾಲ್ಯದಿಂದ ಕುರಿ ಕಾದವರು. ಮಂಡಿ ಸವೆದು ನಡೆಯಲಾಗದೆ ಹತ್ತು ದಿನದ ಹಿಂದೆ ಇಡೀ ಮಂದೆಯನ್ನು ಮಾರಿ, ಸೋಲಾರ್ ಫಲಕಗಳ ಬೇಲಿಯ ಬಳಿ ಹಗಲು ಕಾವಲಿಗೆ ಸೇರಿದ್ದರು. ಕುರ್ಚಿಯಲ್ಲಿ ಕೂರುವ ಕೆಲಸ. ಕೆಂಚ ಆ ಮಂದೆಯ ನಾಯಿ.

“ಕೋಳಿ ಸಾರು ಇಟ್ಟೆ ಸಾ. ಮೂಸಿನೂ ನೋಡ್ಲಿಲ್ಲ. ಕೊನೀಗೆ ಇವ್ರೇ ತಿಂದ್ರು,” ಎಂದರು ರಂಗಮ್ಮ.

ಪಕ್ಕದಲ್ಲಿ ನಿಂತಿದ್ದ ಕರಿಯಣ್ಣ ನಗಲಿಲ್ಲ. “ನೀ ಸುಮ್ಕಿರು,” ಎಂದು, ನನ್ನತ್ತ ತಿರುಗಿ ಕೇಳಿದರು: “ಬದುಕ್ತದಾ ಸಾ?”

ಕೆಂಚನ ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು. ಹೀಗೇ ಮುಂದುವರಿದರೆ ಕಷ್ಟ ಎಂದು ಇದ್ದುದನ್ನು ಇದ್ದಂತೆ ಹೇಳಿದೆ. ಕುರಿಗಳ ಕೊರಗು ಎಂದು ಹಟ್ಟಿಯವರೆಲ್ಲ ಆಗಲೇ ತೀರ್ಮಾನಿಸಿದ್ದರು. ವೈದ್ಯನಾದವನು ಅಲ್ಲಿಂದ ಶುರು ಮಾಡಬಾರದು. ನಾಯಿ ಮಂಕಾಗುವುದಕ್ಕೂ ಊಟ ಬಿಡುವುದಕ್ಕೂ ಮೊದಲು ದೇಹದಲ್ಲಿ ಕಾರಣ ಹುಡುಕಬೇಕು. ಬಟ್ಟಲಿನ ತನಕ ಬಂದು ಮುಖ ತಿರುಗಿಸಿದರೆ ಹೊಟ್ಟೆ ತೊಳೆಸುತ್ತಿರಬಹುದು. ಬಾಯಿಗೆ ತೆಗೆದುಕೊಂಡು ಕೆಳಗೆ ಬೀಳಿಸಿದರೆ ಹಲ್ಲೋ ಒಸಡೋ ನೋಯುತ್ತಿರಬಹುದು. ನಮ್ಮ ಕಡೆ ಬಹಳ ಸಲ ಅದು ಉಣ್ಣೆ ಹುಳ ಕಚ್ಚಿ ಬರುವ ಟಿಕ್ ಫೀವರ್. ಜ್ವರ ನೋಡಿದೆ: 101.8 ಡಿಗ್ರಿ ಫ್ಯಾರನ್‌ಹೀಟ್, ನಾಯಿಗೆ ಅದು ಸಹಜ. ಒಸಡು ಗುಲಾಬಿ, ಹಲ್ಲು ಗಟ್ಟಿ, ಹೊಟ್ಟೆ ಮೃದು. ರಕ್ತದ ಸ್ಮಿಯರ್, ಅಂದರೆ ಗಾಜಿನ ಮೇಲೆ ಸವರಿದ ಒಂದು ಹನಿ, ಮೈಕ್ರೋಸ್ಕೋಪಿನಲ್ಲಿ ಏನನ್ನೂ ತೋರಿಸಲಿಲ್ಲ. ಸಲೈನ್ ಹಾಕಿ, ಜಂತಿನ ಮಾತ್ರೆ ಕೊಟ್ಟು ಕಳಿಸಿದೆ.

ಎರಡು ದಿನ ಬಿಟ್ಟು ನಾನೇ ಹಟ್ಟಿಗೆ ಹೋದೆ. ಮಧ್ಯಾಹ್ನ ಇಳಿದಿತ್ತು. ಬಾಗಿಲ ಪಕ್ಕದ ಬಟ್ಟಲಲ್ಲಿ ಬೆಳಿಗ್ಗೆಯ ಮುದ್ದೆ ಒಣಗಿತ್ತು. ಕೆಂಚ ನೆರಳಲ್ಲಿ ಬಿದ್ದಿತ್ತು. ಕರೆದರೆ ಬಾಲದ ತುದಿ ಮಾತ್ರ ಆಡಿತು. ಆದರೆ ಬಿಸಿಲು ತಗ್ಗುತ್ತಲೇ ಎದ್ದು, ಖಾಲಿ ರೊಪ್ಪದ ಬಾಯಲ್ಲಿ ಹೋಗಿ ನಿಂತಿತು. ರೊಪ್ಪವೆಂದರೆ ಮುಳ್ಳು ಕಟ್ಟಿದ ಕುರಿಯ ದೊಡ್ಡಿ. ಕಿವಿ ನಿಮಿರಿತ್ತು, ಕಣ್ಣು ದಾರಿಯ ಮೇಲಿತ್ತು. ರೋಗದ ನಾಯಿ ಹೊತ್ತು ನೋಡಿ ಚುರುಕಾಗುವುದಿಲ್ಲ.

ಮೊದಲು ಇದು ಯಾವಾಗ ತಿನ್ನುತ್ತಿತ್ತು ಎಂದು ಕೇಳಿದೆ. ಏನು ತಿನ್ನುತ್ತಿತ್ತು ಎಂದು ಆಸ್ಪತ್ರೆಯಲ್ಲೇ ಕೇಳಿದ್ದೆ.

“ಕುರಿ ಕೂಡಿ, ತಡಿಕೆ ಹಾಕಿ, ಇವ್ರು ಕೂಗಿದ್ ಮ್ಯಾಲೇ ಸಾ. ಒಂದ್ ಮರಿ ಈಚೆಗಿದ್ರೂ ಇದುಕ್ಕೆ ಕೂಳಿಲ್ಲ. ಮರಿಯಾಗಿದ್ದಾಗ ಮುಂಚೇನೆ ಬಾಯಿ ಹಾಕಿದ್ರೆ ಇವ್ರು ಬಟ್ಲೇ ಕಿತ್ಕೊಂಬುಡೋರು,” ಎಂದರು ರಂಗಮ್ಮ.

ಮಂದೆ ಮಾರಿದ ದಿನದ ಬಗ್ಗೆ ಕೇಳಿದೆ. ಲಾರಿಯ ಹಿಂದೆ ಓಡದಿರಲೆಂದು ಕೆಂಚನನ್ನು ಹಿತ್ತಿಲಲ್ಲಿ ಕಟ್ಟಿದ್ದರಂತೆ. ಮಾರಾಟವನ್ನು ಅದು ನೋಡಿರಲಿಲ್ಲ. ಅದರ ಪಾಲಿಗೆ ಕುರಿಗಳು ಬೆಳಿಗ್ಗೆ ಮೇಯಲು ಹೋಗಿವೆ, ಇನ್ನೂ ಬಂದಿಲ್ಲ. ರೊಪ್ಪದ ಬಾಯಿ ಅಂದಿನಿಂದ ತೆರೆದೇ ಇತ್ತು. ಅದಕ್ಕೆ ಅಡ್ಡ ಹಾಕುವ, ಬಿದಿರು ಹೆಣೆದ ತಡಿಕೆ ಗೋಡೆಗೆ ಒರಗಿತ್ತು. ಕೆಲಸ ಮುಗಿಯದ ನಾಯಿಯ ಮುಂದೆ ನಾವು ದಿನವಿಡೀ ಊಟ ಇಟ್ಟಿದ್ದೆವು.

ಕರಿಯಣ್ಣ ಕಾವಲು ಮುಗಿಸಿ ಬಂದಾಗ ಸೂರ್ಯ ಮುಳುಗುತ್ತಿದ್ದ. ಬಟ್ಟಲನ್ನು ಒಳಗಿಡಿ, ಸಂಜೆ ಮೊದಲಿನಂತೆ ತಡಿಕೆ ಹಾಕಿ, ಕೂಗಿ, ಆಮೇಲೆ ನಿಮ್ಮ ಕೈಯಿಂದಲೇ ಇಡಿ ಎಂದೆ. ಇದು ಫಲಿಸುತ್ತದೆಂಬ ಖಾತ್ರಿ ನನಗಿರಲಿಲ್ಲ, ಅದನ್ನೂ ಹೇಳಿದೆ. ಅವರು ರೊಪ್ಪದ ಕಡೆ ನೋಡಲೇ ಇಲ್ಲ.

“ಕುರಿ ಇಲ್ದಿರೋ ರೊಪ್ಪಕ್ಕೆ ತಡಿಕೆ ಹಾಕಾಕೆ ನಂಗೆ ಕೈ ಬರಾಕಿಲ್ಲ ಸಾ.”

ಮಾರಿದ ಮೇಲೆ ಅವರು ಆ ಕಡೆ ಕಾಲಿಟ್ಟಿರಲಿಲ್ಲ. ಹಿತ್ತಿಲಿಗೂ ಬಳಸಿ ಹೋಗುತ್ತಾರೆ ಎಂದು ರಂಗಮ್ಮ ಆಮೇಲೆ ಹೇಳಿದರು. ಆಗ ಹೇಳಿದ್ದು ಬೇರೆ: “ಕುರಿ ಹೋತು, ನಾಯಿನೂ ಹೋಗ್ಲಿ ಅಂತೀರಾ?”

ಕರಿಯಣ್ಣ ಎದ್ದರು. ಮಂಡಿ ಹಿಡಿದುಕೊಂಡು ನಡೆದು, ತಡಿಕೆ ಎತ್ತಿ ರೊಪ್ಪದ ಬಾಯಿಗೆ ಒತ್ತಿ, ಹಗ್ಗ ಬಿಗಿದರು. ಅಭ್ಯಾಸದ ಕೈ, ಗಂಟು ತಾನೇ ಬಿತ್ತು. ಕೂಗಲು ಮಾತ್ರ ತಡವಾಯಿತು. “ಆತು, ಬಾರ್ಲಾ,” ಎಂದಾಗ ದನಿ ಹಟ್ಟಿಗೆ ಕೇಳುವಷ್ಟಿರಲಿಲ್ಲ.

ಕೆಂಚ ರೊಪ್ಪವನ್ನು ಒಂದು ಸುತ್ತು ಬಂದಿತು. ಮುಳ್ಳಿನ ಸಂದಿಗೆ ಮೂತಿ ಇಟ್ಟು ಬಹಳ ಹೊತ್ತು ಮೂಸಿತು. ಅಂದು ತಿನ್ನಲಿಲ್ಲ. ಮರುದಿನ ಸಂಜೆ ಕರಿಯಣ್ಣನ ಬೆರಳಿನಿಂದ ಒಂದು ತುತ್ತು ನೆಕ್ಕಿತಂತೆ. ವಾರದ ಕೊನೆಗೆ ಬಟ್ಟಲು ಖಾಲಿಯಾಗತೊಡಗಿತು. ಇದರಲ್ಲಿ ಅಭ್ಯಾಸ ಎಷ್ಟು, ದುಃಖ ಎಷ್ಟು, ಬರಿದೇ ಕಾಲ ಕಳೆದದ್ದರ ಗುಣ ಎಷ್ಟು ಎಂದು ಬಿಡಿಸಿ ಹೇಳಲು ನನಗೆ ಬರುವುದಿಲ್ಲ.

ಮಳೆಗಾಲ ಮುಗಿದು ಶೇಂಗಾ ಕೀಳುವಾಗ ಲಸಿಕೆ ಕಾರ್ಯಕ್ರಮಕ್ಕೆ ಮತ್ತೆ ಆ ಹಟ್ಟಿಗೆ ಹೋದೆ. ಕೆಂಚನ ಪಕ್ಕೆ ತುಂಬಿತ್ತು. ನನ್ನನ್ನು ಕಂಡು ಗುರುಗುಟ್ಟಿತು. ರಂಗಮ್ಮ ಕಾಯಿ ಬಿಡಿಸುತ್ತಾ ಕೂತಿದ್ದರು.

“ಈಗ ಬೆಳಿಗ್ಗೆ ಇಟ್ರೂ ತಿಂತದೆ ಸಾ, ಯಾವಾಗ ಇಟ್ರೂ ತಿಂತದೆ. ಕೂಗೋದೇ ಬ್ಯಾಡ,” ಎಂದರು. ಆಮೇಲೆ ದನಿ ತಗ್ಗಿಸಿದರು: “ತಡಿಕೆ ಹಾಕೋದು ಮಾತ್ರ ಇವ್ರು ಬುಟ್ಟಿಲ್ಲ.”

ಉಳಿದ ಸೇವೆಯಲ್ಲಿ ಊಟ ಬಿಟ್ಟ ನಾಯಿಯನ್ನು ಯಾರೇ ತಂದರೂ ಮೊದಲು ಜ್ವರ ನೋಡಿದೆ, ರಕ್ತ ನೋಡಿದೆ. ಆ ಕ್ರಮ ಬದಲಾಗಲಿಲ್ಲ. ಅದರ ಕೊನೆಗೆ ಒಂದು ಪ್ರಶ್ನೆ ಸೇರಿತು: ನಿಮ್ಮ ಮನೆಯಲ್ಲಿ ದಿನಾ ನಡೆಯುತ್ತಿದ್ದುದು ಏನಾದರೂ ಇತ್ತೀಚೆಗೆ ನಿಂತುಹೋಗಿದೆಯೇ? ಇದಕ್ಕೆ ಉತ್ತರ ಹೇಳುವಾಗ ಬಹಳ ಜನ ನಾಯಿಯ ಕಡೆ ನೋಡುತ್ತಿರಲಿಲ್ಲ.